ಕ್ಯಾಶುವಾಲ್ಟಿಯಲ್ಲೇ ಫ್ಲೂ-ಕೋವಿಡ್ ಕಾರ್ಡ್ ಟೆಸ್ಟ್ ಮಾಡಿ ವಾರ್ಡ್ ನಿರ್ಧರಿಸಬಹುದಾ? ನೆಗೆಟಿವ್ ಬಂದವರನ್ನು ಎಲ್ಲಿ ಮಲಗಿಸೋದು?

ಘಟ್ಟದ ಡ್ಯೂಟಿ ಡಾಕ್ಟರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಲೆನಾಡಿನ ಒಂದು ತಾಲ್ಲೂಕಿನ ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮಳೆ ಹಿಡಿಯಿತು ಅಂದರೆ ನಮ್ಮ ಕ್ಯಾಶುವಾಲ್ಟಿಗೆ ಜ್ವರ, ಕೆಮ್ಮು, ದಮ್ಮು ಅಂತ ಬರುವವರದ್ದೇ ಸಾಲು. ಅದರಲ್ಲಿ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) ಕಡಿಮೆ ಇರುವ ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು, ಬಸುರಿಯರು, ಇವರನ್ನೆಲ್ಲ ಅಡ್ಮಿಟ್ ಮಾಡಲೇಬೇಕು. ಕಷ್ಟ ಶುರುವಾಗುವುದು ಅಲ್ಲೇ. ಎಲ್ಲಿ ಮಲಗಿಸುವುದು?

ನಮ್ಮಲ್ಲಿರುವುದು ಗಂಡಸರಿಗೊಂದು ಹೆಂಗಸರಿಗೊಂದು ಜನರಲ್ ವಾರ್ಡ್, ನಾಲ್ಕು ಬೆಡ್ಡಿನ ಒಂದು ಐಸೋಲೇಷನ್ ಕೋಣೆ, ಬಾತ್‌ರೂಮ್ ಇರುವ ಎರಡು ಒಂಟಿ ಕೋಣೆ, ಅಷ್ಟೇ. ಸ್ವ್ಯಾಬ್ ತೆಗೆದು ಜಿಲ್ಲಾ ಲ್ಯಾಬ್‌ಗೆ ಕಳಿಸಿದರೆ ಆರ್‌ಟಿ-ಪಿಸಿಆರ್ (ವೈರಸ್‌ನ ವಂಶವಸ್ತು ಹುಡುಕುವ ಲ್ಯಾಬ್ ಟೆಸ್ಟ್) ರಿಪೋರ್ಟ್ ಬರುವುದು ಮಾರನೇ ದಿನ, ನಡುವೆ ಭಾನುವಾರ ಬಂದರೆ ಇನ್ನೂ ತಡ. ಅಲ್ಲಿಯವರೆಗೆ ರೋಗಿ ಕ್ಯಾಶುವಾಲ್ಟಿ ಬೆಡ್ಡಿನಲ್ಲೇ ಇರುತ್ತಾರೆ, ಇಲ್ಲವಾದರೆ ಜಾಗ ಇಲ್ಲ ಅಂತ ಜನರಲ್ ವಾರ್ಡಿಗೆ ಹೋಗುತ್ತಾರೆ. ಹೋದ ಮಳೆಗಾಲದಲ್ಲಿ ಹೀಗೆ ವಾರ್ಡಿಗೆ ಹೋದ ಒಬ್ಬರ ರಿಪೋರ್ಟ್ ಆಮೇಲೆ ಫ್ಲೂ ಪಾಸಿಟಿವ್ ಬಂತು. ಅಷ್ಟರಲ್ಲಿ ಅಕ್ಕಪಕ್ಕದ ಬೆಡ್ಡಿನವರಿಗೆ, ಇಬ್ಬರು ಸಿಸ್ಟರ್‌ಗಳಿಗೆ ಜ್ವರ ಶುರುವಾಗಿತ್ತು. ಪಕ್ಕದ ಬೆಡ್ಡಿನಲ್ಲಿದ್ದವರು ಸೊಂಟದ ಮೂಳೆ ಮುರಿದುಕೊಂಡು ಬಂದಿದ್ದ ಒಬ್ಬ ಅಜ್ಜ. ಅವರಿಗೆ ನಿಮೋನಿಯಾ ಆಯಿತು. ಆಸ್ಪತ್ರೆಗೆ ಬಂದು ಹೊಸ ಕಾಯಿಲೆ ಹಚ್ಚಿಕೊಂಡು ಹೋಗುವುದು ಯಾರಿಗೂ ಆಗಬಾರದು.

ಈಗ ಆಡಳಿತದವರು ಫ್ಲೂ ಎ, ಫ್ಲೂ ಬಿ, ಕೋವಿಡ್ ಮೂರನ್ನೂ ಒಂದೇ ಕಾರ್ಡಿನಲ್ಲಿ ತೋರಿಸುವ ರ‍್ಯಾಪಿಡ್ ಆಂಟಿಜೆನ್ (ವೈರಸ್‌ನ ಪ್ರೋಟೀನ್ ಹುಡುಕುವ) ಕಿಟ್ ತರಿಸೋಣ ಅಂತಿದ್ದಾರೆ. ಹದಿನೈದು-ಇಪ್ಪತ್ತು ನಿಮಿಷಕ್ಕೆ ಉತ್ತರ ಸಿಗುತ್ತದೆ. ಅವರ ಲೆಕ್ಕ ಇಷ್ಟೇ: ಪಾಸಿಟಿವ್ ಬಂದರೆ ಐಸೋಲೇಷನ್, ನೆಗೆಟಿವ್ ಬಂದರೆ ಜನರಲ್ ವಾರ್ಡ್. ಮೊದಲನೇ ಅರ್ಧಕ್ಕೆ ನನ್ನ ತಕರಾರಿಲ್ಲ. ಎರಡನೇ ಅರ್ಧ ಮಾತ್ರ ಒಪ್ಪಿಗೆಯಾಗುತ್ತಿಲ್ಲ. ಇಂಥ ಕಾರ್ಡ್ ಬಳಸಿದವರು, ಲ್ಯಾಬ್‌ನಲ್ಲಿ ಕೆಲಸ ಮಾಡುವವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ದುಡ್ಡು ಖರ್ಚು ಮಾಡುವ ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು.

ಮೈಕ್ರೋಬಯಾಲಜಿ ಮೇಷ್ಟ್ರು

ಡಾಕ್ಟರೇ, ನಿಮ್ಮ ಅನುಮಾನ ಸರಿಯಾಗಿದೆ. ಆಂಟಿಜೆನ್ ಕಾರ್ಡ್ ಪಾಸಿಟಿವ್ ಹೇಳಿದರೆ, ರೋಗದ ಸೀಸನ್‌ನಲ್ಲಿ, ನಂಬಬಹುದು. ನೆಗೆಟಿವ್ ಹೇಳಿದರೆ ಅದು ಏನನ್ನೂ ಹೇಳಿಲ್ಲ ಅಂತಲೇ ತಿಳಿದುಕೊಳ್ಳಿ. ಅಂಕಿ ನೋಡಿದರೆ ಗೊತ್ತಾಗುತ್ತದೆ.

2020ರ ಜೂನ್‌ನಲ್ಲಿ ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ನಮ್ಮ ದೇಶದಲ್ಲಿ ಮೊದಲ ಕೋವಿಡ್ ಆಂಟಿಜೆನ್ ಕಿಟ್‌ಗೆ ಒಪ್ಪಿಗೆ ಕೊಟ್ಟಿತಲ್ಲ, ಆಗ ಐಸಿಎಂಆರ್ ಮತ್ತು ದೆಹಲಿ ಏಮ್ಸ್‌ನಲ್ಲಿ ಪರೀಕ್ಷೆ ಮಾಡಿ ನೋಡಿದ್ದರು. ರೋಗ ಇರುವವರಲ್ಲಿ ಶೇ. 50.6ರಿಂದ ಶೇ. 84ರಷ್ಟು ಜನರನ್ನು ಅದು ಹಿಡಿಯಿತು. ರೋಗ ಇಲ್ಲದವರಲ್ಲಿ ಶೇ. 99.3ರಿಂದ 100ರಷ್ಟು ಜನರಿಗೆ ಸರಿಯಾಗಿ ಇಲ್ಲ ಅಂತ ಹೇಳಿತು. ಅದಕ್ಕೇ ಅವತ್ತಿನ ಸೂಚನೆಯಲ್ಲೇ ಬರೆದಿದ್ದರು: ಪಾಸಿಟಿವ್ ಆದರೆ ಮತ್ತೆ ಟೆಸ್ಟ್ ಬೇಡ, ಲಕ್ಷಣ ಇದ್ದೂ ನೆಗೆಟಿವ್ ಆದರೆ ಆರ್‌ಟಿ-ಪಿಸಿಆರ್ ಮಾಡಲೇಬೇಕು. ಈ ಎರಡನೇ ಸಾಲನ್ನು ಎಷ್ಟೋ ಕಡೆ ಯಾರೂ ಓದಲೇ ಇಲ್ಲ.

ಫ್ಲೂ ಕಾರ್ಡಿನ ಕಥೆಯೂ ಇದೇ. 2012ರಲ್ಲಿ 159 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗ ಸರಾಸರಿ ಶೇ. 62.3ರಷ್ಟು ರೋಗಿಗಳನ್ನು ಹಿಡಿಯುತ್ತದೆ ಅಂತ ಬಂತು. ಮಕ್ಕಳಲ್ಲಿ ಸ್ವಲ್ಪ ವಾಸಿ. ದೊಡ್ಡವರಲ್ಲಿ ಶೇ. 54ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಮಕ್ಕಳ ಮೂಗಿನಲ್ಲಿ ವೈರಸ್ ಜಾಸ್ತಿ ಇರುತ್ತದೆ, ಜಾಸ್ತಿ ದಿನ ಇರುತ್ತದೆ, ಅದೇ ಕಾರಣ. ಆಮೇಲೆ ಒಳ್ಳೆಯ ಕಿಟ್‌ಗಳು ಬಂದಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ನಿಯಮ ಬಿಗಿ ಮಾಡಿದ ಮೇಲೆ ಹಳೇ ಕಿಟ್‌ಗಳು ಎಷ್ಟೋ ಹೊರಗೆ ಹೋದವು. ನೀವು ತರಿಸುವ ಕಿಟ್ ಯಾವುದು, ಅದನ್ನು ಕಂಪನಿ ಬಿಟ್ಟು ಬೇರೆ ಯಾರು ಪರೀಕ್ಷಿಸಿದ್ದಾರೆ ಅಂತ ಕೇಳಿ. ಡಬ್ಬದ ಮೇಲೆ ಬರೆದಿರುವ ಅಂಕಿ ನಿಮ್ಮ ವಾರ್ಡಿನಲ್ಲಿ ಸಿಗುವುದಿಲ್ಲ.

ಈಗ ನಿಮ್ಮ ಕ್ಯಾಶುವಾಲ್ಟಿಗೇ ಬರೋಣ. ಲಕ್ಷಣ ಇರುವ 100 ಜನ ಅಡ್ಮಿಟ್ ಆದರು ಅಂತಿಟ್ಟುಕೊಳ್ಳಿ, ಅದರಲ್ಲಿ 30 ಜನರಿಗೆ ನಿಜವಾಗಿ ಫ್ಲೂ ಅಥವಾ ಕೋವಿಡ್ ಇದೆ. ಕಾರ್ಡ್ ಶೇ. 70ರಷ್ಟು ಹಿಡಿಯುತ್ತದೆ ಅಂದುಕೊಂಡರೆ 21 ಜನ ಸಿಕ್ಕರು, 9 ಜನ ತಪ್ಪಿಸಿಕೊಂಡರು. ಉಳಿದ 70 ಜನರಲ್ಲಿ ಒಬ್ಬರಿಗೆ ಸುಳ್ಳು ಪಾಸಿಟಿವ್ ಬರಬಹುದು. ಒಟ್ಟು ನೆಗೆಟಿವ್ 78. ಆ 78 ಜನರನ್ನೂ ಜನರಲ್ ವಾರ್ಡಿಗೆ ಕಳಿಸಿದರೆ ಅವರೊಳಗೆ 9 ಜನ ವೈರಸ್ ಹೊತ್ತುಕೊಂಡೇ ಹೋಗುತ್ತಾರೆ. ಸುಮಾರು ಒಂಬತ್ತಕ್ಕೆ ಒಬ್ಬರು. ಕಾರ್ಡ್ ಅರ್ಧ ಮಾತ್ರ ಹಿಡಿಯುವಂಥದ್ದಾದರೆ ಆರಕ್ಕೆ ಒಬ್ಬರು. ಆಡಳಿತದವರ ಮುಂದೆ ಈ ಲೆಕ್ಕವನ್ನು ಒಂದು ಕಾಗದದ ಮೇಲೆ ಬರೆದು ಇಡಿ, ಬೇರೇನೂ ವಾದ ಮಾಡಬೇಕಿಲ್ಲ.

ಇನ್ನೊಂದು ಮಾತು, ಇದನ್ನು ಎಲ್ಲರೂ ಮರೆಯುತ್ತಾರೆ. ಲಕ್ಷಣ ಶುರುವಾಗಿ ಎಷ್ಟನೇ ದಿನ ಅನ್ನುವುದರ ಮೇಲೆ ಕಾರ್ಡ್ ಏನು ಹೇಳುತ್ತದೆ ಅನ್ನುವುದು ನಿಂತಿದೆ. ಆಂಟಿಜೆನ್ ಟೆಸ್ಟ್ ಚೆನ್ನಾಗಿ ಕೆಲಸ ಮಾಡುವುದು ಮೊದಲ ಐದಾರು ದಿನ. ಕೋವಿಡ್‌ನಲ್ಲಿ ಉಸಿರಾಟ ಕೆಡುವುದೇ ಸುಮಾರು ಒಂದು ವಾರ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಮೂಗಿನಲ್ಲಿ ವೈರಸ್ ಇಳಿದಿರುತ್ತದೆ, ತೊಂದರೆ ಶ್ವಾಸಕೋಶದಲ್ಲಿರುತ್ತದೆ. ಹಾಗಾಗಿ ಎಲ್ಲರಿಗಿಂತ ಸೀರಿಯಸ್ ಆಗಿರುವ ರೋಗಿಗೇ ಕಾರ್ಡ್ ನೆಗೆಟಿವ್ ಬರುವುದು ಅಪರೂಪ ಅಲ್ಲ. ಕೇಸ್ ಶೀಟಿನಲ್ಲಿ 'ಎಷ್ಟನೇ ದಿನ' ಅಂತ ಬರೆಯದೆ ರಿಸಲ್ಟ್ ಮಾತ್ರ ಬರೆದರೆ ಆ ರಿಸಲ್ಟ್‌ಗೆ ಬೆಲೆ ಇಲ್ಲ.

ಸೀಸನ್ ಇಲ್ಲದಾಗ ಕಂಡಕಂಡವರಿಗೆಲ್ಲ ಮಾಡಲು ಹೋಗಬೇಡಿ. ಸಾವಿರ ಜನಕ್ಕೆ ಹತ್ತು ಜನರಿಗೆ ಮಾತ್ರ ರೋಗ ಇರುವ ಕಾಲದಲ್ಲಿ ರೋಗ ಇಲ್ಲದವರಿಗೆ ಶೇ. 99 ಸರಿ ಹೇಳುವ ಕಾರ್ಡ್ ಕೂಡ ಹತ್ತು ಸುಳ್ಳು ಪಾಸಿಟಿವ್ ಕೊಡುತ್ತದೆ, ಅದೇ ಶೇ. 70ರಷ್ಟು ಹಿಡಿದರೆ ನಿಜವಾದದ್ದು ಏಳು. ಆ ಹತ್ತು ಜನರನ್ನು ನೀವು ಕೈಯಾರೆ ರೋಗ ಇರುವವರ ಜೊತೆ ಒಂದೇ ಕೋಣೆಯಲ್ಲಿ ಮಲಗಿಸಿದಂತಾಗುತ್ತದೆ.

ಐಸಿಯು ಸಿಸ್ಟರ್, ಕರಾವಳಿ

ಮೇಷ್ಟ್ರು ಹೇಳಿದ್ದು ಲ್ಯಾಬಿನ ಮಾತು. ನಾನು ಬೆಡ್ ಪಕ್ಕದ ಮಾತು ಹೇಳುತ್ತೇನೆ. ಟೆಸ್ಟ್ ಕೆಡುವುದು ಜಾಸ್ತಿ ನಮ್ಮ ಕೈಯಲ್ಲೇ, ಅದೂ ಕೆಲಸದ ಒತ್ತಡದಲ್ಲಿ.

ಮೊದಲು ಸ್ವ್ಯಾಬ್. ಮೂಗಿನ ಒಳಗೆ ಮೇಲ್ಮುಖವಾಗಿ ತಳ್ಳಿದರೆ ರೋಗಿಗೆ ನೋವಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಬೇಕಾದ ಜಾಗಕ್ಕೆ ಮಾತ್ರ ಕಡ್ಡಿ ಹೋಗಿರುವುದಿಲ್ಲ. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗಿನ ತಳಕ್ಕೆ ಸಮನಾಗಿ ನೇರ ಹಿಂದಕ್ಕೆ, ಕಿವಿಯ ದಿಕ್ಕಿಗೆ ಹೋಗಬೇಕು. ತಡೆ ಸಿಕ್ಕಿದ ಮೇಲೆ ಕೆಲವು ಸೆಕೆಂಡ್ ಅಲ್ಲೇ ಇಟ್ಟು, ಮೆಲ್ಲಗೆ ತಿರುಗಿಸಿ, ತಿರುಗಿಸುತ್ತಲೇ ಹೊರಗೆ ತೆಗೆಯಬೇಕು. ಕೆಲವು ಕಿಟ್‌ಗೆ ಮೂಗಿನ ಮುಂಭಾಗದ ಸ್ವ್ಯಾಬ್ ಸಾಕು, ಆಗ ಎರಡೂ ಹೊಳ್ಳೆಯಿಂದ ತೆಗೆಯಬೇಕು. ಡಬ್ಬದೊಳಗಿನ ಕಾಗದ ಓದಿ. ಕಂಪನಿ ಬದಲಾದಾಗ ಮತ್ತೆ ಓದಿ. ದಮ್ಮು ಕಟ್ಟಿ ಒದ್ದಾಡುತ್ತಿರುವವರಿಗೆ ಮೊದಲು ಆಕ್ಸಿಜನ್, ಆಮೇಲೆ ಸ್ವ್ಯಾಬ್. ಮಾಸ್ಕ್ ತೆಗೆದು ಕಡ್ಡಿ ಹಾಕುವ ಅವಸರ ಬೇಡ.

ಎರಡನೆಯದು ಟೈಮ್. ಬಹಳಷ್ಟು ಕಾರ್ಡ್‌ಗಳನ್ನು ಹದಿನೈದು ನಿಮಿಷಕ್ಕೆ ಓದಬೇಕು, ಅರ್ಧ ಗಂಟೆ ಕಳೆದ ಮೇಲೆ ಓದಬಾರದು. ರಾತ್ರಿ ಎರಡು ಗಂಟೆಗೆ ಒಬ್ಬಳೇ ಸಿಸ್ಟರ್ ಇರುವಾಗ ಕಾರ್ಡಿಗೆ ಹನಿ ಹಾಕಿ ಇಟ್ಟಿರುತ್ತಾಳೆ, ಅಷ್ಟರಲ್ಲಿ ಇನ್ನೊಬ್ಬ ರೋಗಿ ಬರುತ್ತಾರೆ, ಅವಳು ವಾಪಸ್ ಬಂದು ನೋಡುವಾಗ ಮುಕ್ಕಾಲು ಗಂಟೆ ಆಗಿರುತ್ತದೆ, ಕಾರ್ಡಿನಲ್ಲಿ ಮಸುಕಾದ ಒಂದು ಗೆರೆ. ಅದು ಪಾಸಿಟಿವಾ ಅಲ್ವಾ ಅಂತ ಯಾರಿಗೂ ಹೇಳಲು ಬರುವುದಿಲ್ಲ. ನಮ್ಮಲ್ಲಿ ಹನಿ ಹಾಕಿದ ಟೈಮನ್ನು ಕಾರ್ಡಿನ ಮೇಲೇ ಪೆನ್ನಿನಲ್ಲಿ ಬರೆಯುತ್ತೇವೆ, ಜೊತೆಗೆ ರೋಗಿಯ ಐಪಿ (ಒಳರೋಗಿ) ನಂಬರ್. ಎರಡು ಕಾರ್ಡ್ ಒಟ್ಟಿಗೆ ಟ್ರೇಯಲ್ಲಿದ್ದರೆ ಅದಲುಬದಲಾಗಲು ಕ್ಷಣ ಸಾಕು. ಸರಿಯಾದ ಟೈಮಿಗೆ ಓದಿದಾಗ ಗೆರೆ ಎಷ್ಟೇ ಮಸುಕಾಗಿದ್ದರೂ ಪಾಸಿಟಿವ್ ಅಂತಲೇ ತಗೊಳ್ಳಿ. ಟೆಸ್ಟ್ ಸರಿಯಾಗಿ ಓಡಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ ಬಂದಿಲ್ಲ ಅಂದರೆ ಆ ಟೆಸ್ಟೇ ಆಗಿಲ್ಲ, ಮತ್ತೆ ಮಾಡಿ.

ಮೂರನೆಯದು ಬಿಸಿಲು. ಕಿಟ್ ಇಡಬೇಕಾದದ್ದು ಸಾಮಾನ್ಯವಾಗಿ 2ರಿಂದ 30 ಡಿಗ್ರಿಯೊಳಗೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಶೀಟಿನ ಛಾವಣಿಯ ಸ್ಟೋರ್ ರೂಮಿನಲ್ಲಿ ಅಷ್ಟು ಎಲ್ಲಿ ನಿಲ್ಲುತ್ತದೆ? ನಿಮಗೆ ಮಲೆನಾಡಿನಲ್ಲಿ ಶೆಕೆಗಿಂತ ತೇವ ಜಾಸ್ತಿ ಕಾಡುತ್ತದೆ. ಕಾರ್ಡಿನ ಪೊಟ್ಟಣವನ್ನು ಮೊದಲೇ ಒಡೆದು ಸಾಲಾಗಿ ಇಟ್ಟುಕೊಳ್ಳಬೇಡಿ. ಫ್ರಿಜ್‌ನಿಂದ ತೆಗೆದ ತಕ್ಷಣವೂ ಬಳಸಬೇಡಿ, ಕೋಣೆಯ ಬಿಸಿಗೆ ಬರಲಿ.

ಮತ್ತೆ, ಸ್ವ್ಯಾಬ್ ತೆಗೆಯುವವರಿಗೆ ಎನ್-95 ಮಾಸ್ಕ್, ಗ್ಲೌಸ್, ಕಣ್ಣಿಗೆ ಶೀಲ್ಡ್ ಇರಲೇಬೇಕು. ಕಾರ್ಡಿಗೆ ದುಡ್ಡು ಕೊಟ್ಟು ಮಾಸ್ಕಿಗೆ ಜಿಪುಣತನ ಮಾಡಬಾರದು. ಕಡ್ಡಿ ಹಾಕಿದ ತಕ್ಷಣ ರೋಗಿ ಸೀನುವುದು ನಮ್ಮ ಮುಖದ ಮೇಲೇ.

ಇಂಗ್ಲೆಂಡ್ ಕನ್ನಡಿಗ, ಮೆಡಿಸಿನ್

ನಾನು ಇಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿದ್ದೇನೆ. ನಿಮ್ಮ ಪ್ರಶ್ನೆಗೆ ಹತ್ತಿರವಾದ ಎರಡು ಕೆಲಸ ಇಲ್ಲಿ ನಡೆದಿವೆ, ಅದನ್ನು ಹೇಳುತ್ತೇನೆ. ಎರಡೂ ಕಾರ್ಡ್ ಟೆಸ್ಟ್ ಅಲ್ಲ, ಬೆಡ್ ಹತ್ತಿರವೇ ಇಟ್ಟು ಓಡಿಸುವ ಪಿಸಿಆರ್ ಮಾದರಿಯ ಮಷಿನ್. ಈ ವ್ಯತ್ಯಾಸ ಮೊದಲೇ ತಲೆಯಲ್ಲಿರಲಿ.

2020ರ ಮಾರ್ಚ್-ಏಪ್ರಿಲ್‌ನಲ್ಲಿ, ಮೊದಲ ಅಲೆಯ ನಡುವೆಯೇ, ಸೌತಾಂಪ್ಟನ್ ಯೂನಿವರ್ಸಿಟಿ ಆಸ್ಪತ್ರೆಯಲ್ಲಿ ಕೋವಿಡ್ ಅನುಮಾನ ಇರುವ 1,054 ರೋಗಿಗಳನ್ನು ನೋಡಿದರು. ಒಂದು ಗುಂಪಿಗೆ ಎಮರ್ಜೆನ್ಸಿ ಮತ್ತು ಅಡ್ಮಿಷನ್ ವಾರ್ಡ್ ಜಾಗದಲ್ಲೇ ಕ್ಯೂಐಎಸ್ಟ್ಯಾಟ್ ಅನ್ನುವ ಮಷಿನ್‌ನಲ್ಲಿ ಟೆಸ್ಟ್. ಸ್ವ್ಯಾಬನ್ನು ಒಂದು ಕಾರ್ಟ್ರಿಜ್‌ಗೆ ಹಾಕಿ ಮುಚ್ಚಿದರೆ ಸಾಕು, ಒಂದು ಗಂಟೆಗೆ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ಕೋವಿಡ್ ಜೊತೆಗೆ ಫ್ಲೂ, ಆರ್‌ಎಸ್‌ವಿ ಮುಂತಾದ ಉಸಿರಾಟದ ವೈರಸ್‌ಗಳೂ ಗೊತ್ತಾಗುತ್ತವೆ. ಇನ್ನೊಂದು ಗುಂಪಿಗೆ ಎಂದಿನಂತೆ ಲ್ಯಾಬ್ ಪಿಸಿಆರ್. ಮಷಿನ್ ಗುಂಪಿಗೆ ರಿಸಲ್ಟ್ ಬಂದದ್ದು 1.7 ಗಂಟೆಗೆ, ಲ್ಯಾಬ್ ಗುಂಪಿಗೆ 21.3 ಗಂಟೆಗೆ. ಅದಕ್ಕಿಂತ ದೊಡ್ಡ ವಿಷಯ ಅಂದರೆ ರೋಗಿ ಸೇರಬೇಕಾದ ವಾರ್ಡಿಗೆ ಹೋಗಿ ಸೇರಲು ಹಿಡಿದ ಹೊತ್ತು. 28.8 ಗಂಟೆ ಹಿಡಿಯುತ್ತಿದ್ದದ್ದು 8 ಗಂಟೆಗೆ ಇಳಿಯಿತು. ಅಷ್ಟು ಹೊತ್ತು ರೋಗ ಇರುವವರು, ಇಲ್ಲದವರು ಒಂದೇ ಕಡೆ ಕಾಯುವುದು ತಪ್ಪಿತು. ಚೀಟಿ ಎತ್ತಿ ಗುಂಪು ಮಾಡಿದ ಅಧ್ಯಯನ ಅಲ್ಲ ಅದು, ಮಷಿನ್ ಖಾಲಿ ಇದ್ದಷ್ಟು ಜನರಿಗೆ ಮಾಡಿದರು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದೆ. ಕೇಂಬ್ರಿಡ್ಜ್‌ನ ಆಡೆನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ ಸಾಂಬಾ-2 ಅನ್ನುವ ಮಷಿನ್ ಇಟ್ಟಾಗಲೂ ರಿಸಲ್ಟ್‌ಗೆ ಹಿಡಿಯುವ ಹೊತ್ತು 26.4 ಗಂಟೆಯಿಂದ 2.6 ಗಂಟೆಗೆ ಬಂತು.

ಇಲ್ಲಿ ಗಮನಿಸಬೇಕಾದದ್ದು ಏನು ಗೊತ್ತಾ? ಟೆಸ್ಟ್ ಬೇಗ ಆಯಿತು ಅನ್ನುವುದರಿಂದಷ್ಟೇ ಲಾಭ ಬರಲಿಲ್ಲ. ರಿಸಲ್ಟ್ ಬಂದ ಕೂಡಲೇ ಬೆಡ್ ಕೊಡುವವರ ಕೈಗೆ ಅದು ತಲುಪಿತು, ಅವರು ತಕ್ಷಣ ರೋಗಿಯನ್ನು ಕದಲಿಸಿದರು. ನೀವು ಕಾರ್ಡ್ ಮಾಡಿ ಹದಿನೈದು ನಿಮಿಷಕ್ಕೆ ಉತ್ತರ ತೆಗೆದು, ಆಮೇಲೆ ಬೆಳಗಿನ ರೌಂಡ್ಸ್‌ಗೆ ಸೀನಿಯರ್ ಬರಲಿ ಅಂತ ರೋಗಿಯನ್ನು ಅಲ್ಲೇ ಇಟ್ಟುಕೊಂಡರೆ ಅಷ್ಟು ಖರ್ಚು ಮಾಡಿದ್ದು ಯಾಕೆ? ರಾತ್ರಿ ಬೆಡ್ ಬದಲಿಸುವ ಅಧಿಕಾರ ಯಾರಿಗಿದೆ ಅನ್ನುವುದನ್ನು ಕಿಟ್ ತರಿಸುವ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಆಂಟಿಬಯೋಟಿಕ್ ತಾನಾಗೇ ಕಡಿಮೆಯಾಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಅದೇ ಸೌತಾಂಪ್ಟನ್ ತಂಡ ಕೋವಿಡ್‌ಗೆ ಮುಂಚೆ ಉಸಿರಾಟದ ತೊಂದರೆಯಿಂದ ಬಂದ 720 ಜನ ದೊಡ್ಡವರ ಮೇಲೆ ಸರಿಯಾದ ಟ್ರಯಲ್ ಮಾಡಿ 2017ರಲ್ಲಿ ಪ್ರಕಟಿಸಿತ್ತು. ಬೆಡ್ ಪಕ್ಕ ಟೆಸ್ಟ್ ಮಾಡಿದವರಲ್ಲಿ ಶೇ. 84, ಮಾಡದವರಲ್ಲಿ ಶೇ. 83, ಇಷ್ಟು ಜನರಿಗೆ ಆಂಟಿಬಯೋಟಿಕ್ ಹೋಗಿತ್ತು. ಏನೂ ವ್ಯತ್ಯಾಸ ಇಲ್ಲ. ಯಾಕೆಂದರೆ ರಿಸಲ್ಟ್ ಬರುವ ಮೊದಲೇ ಎಷ್ಟೋ ಜನರಿಗೆ ಮೊದಲ ಡೋಸ್ ಚುಚ್ಚಿ ಆಗಿತ್ತು. ಆದರೆ ಬೇಗ ನಿಲ್ಲಿಸಿದವರ ಸಂಖ್ಯೆ ಟೆಸ್ಟ್ ಗುಂಪಿನಲ್ಲಿ ಜಾಸ್ತಿ, ಫ್ಲೂ ಸಿಕ್ಕವರಿಗೆ ಔಷಧ ಬೇಗ ಸಿಕ್ಕಿತು, ಆಸ್ಪತ್ರೆಯಲ್ಲಿದ್ದ ಸರಾಸರಿ ದಿನ 6.8ರಿಂದ 5.7ಕ್ಕೆ ಇಳಿಯಿತು. ಇವು ಸಣ್ಣ ಲಾಭಗಳಲ್ಲ.

ಬಸವನಗುಡಿ ಓದುಗ

ನಾನು ಡಾಕ್ಟರ್ ಅಲ್ಲ, ಆದರೂ ಈ ನೆಗೆಟಿವ್ ವಿಷಯಕ್ಕೆ ಎರಡು ಮಾತು ಬರೆಯಲೇಬೇಕು ಅನ್ನಿಸಿತು. 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಏನಾಗಿತ್ತು ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಬೆಡ್ ಬೇಕಾದರೆ ಎಸ್‌ಆರ್‌ಎಫ್ ಐಡಿ (ಸ್ವ್ಯಾಬ್ ಕೊಟ್ಟಾಗ ಸಿಗುವ ನಂಬರ್) ಕೇಳುತ್ತಿದ್ದರು, ಬಿಯು ನಂಬರ್ (ಪಾಸಿಟಿವ್ ಆದವರಿಗೆ ಕೊಡುವ ನಂಬರ್) ಕೇಳುತ್ತಿದ್ದರು. ಪಾಸಿಟಿವ್ ರಿಪೋರ್ಟ್ ಇಲ್ಲದೆ ಬಿಯು ನಂಬರ್ ಇಲ್ಲ, ನಂಬರ್ ಇಲ್ಲದೆ ಬೆಡ್ ಇಲ್ಲ. ನಮ್ಮ ತಂದೆಗೆ ಜ್ವರ ಬಂದು ವಾರ ಕಳೆದಿತ್ತು, ಸ್ಯಾಚುರೇಷನ್ 86ಕ್ಕೆ ಇಳಿದಿತ್ತು, ಕಾರ್ಡ್ ಟೆಸ್ಟ್ ನೆಗೆಟಿವ್. ಕೋವಿಡ್ ಆಸ್ಪತ್ರೆಯವರು ನೆಗೆಟಿವ್ ಅಂತ ಸೇರಿಸಿಕೊಳ್ಳಲಿಲ್ಲ. ಬೇರೆ ಆಸ್ಪತ್ರೆಯವರು ನೋಡಿದರೆ ಕೋವಿಡ್ ಥರ ಇದೆ ಅಂತ ಸೇರಿಸಿಕೊಳ್ಳಲಿಲ್ಲ. ಆಂಬುಲೆನ್ಸ್‌ನಲ್ಲಿ ಅಪ್ಪನ ಕೈ ಹಿಡಿದುಕೊಂಡು ಕೂತಿದ್ದಾಗ ಅವರ ಉಗುರು ನೀಲಿಗೆ ತಿರುಗಿದ್ದು ನೋಡಿದ್ದೇನೆ. ಆರ್‌ಟಿ-ಪಿಸಿಆರ್ ಪಾಸಿಟಿವ್ ಅಂತ ಬರುವ ಹೊತ್ತಿಗೆ ಅವರು ವೆಂಟಿಲೇಟರ್‌ನಲ್ಲಿದ್ದರು. ಉಳಿಯಲಿಲ್ಲ.

ಆ ಮೇ 8ಕ್ಕೆ ಕೇಂದ್ರ ಆರೋಗ್ಯ ಸಚಿವಾಲಯ ಹೊಸ ನಿಯಮ ತಂದಿತು. ಕೋವಿಡ್ ಆಸ್ಪತ್ರೆಗೆ ಸೇರಲು ಪಾಸಿಟಿವ್ ರಿಪೋರ್ಟ್ ಕಡ್ಡಾಯ ಅಲ್ಲ, ಅನುಮಾನ ಇದ್ದವರನ್ನು ಸಸ್ಪೆಕ್ಟ್ ವಾರ್ಡಿನಲ್ಲಿ ಸೇರಿಸಿಕೊಳ್ಳಬೇಕು, ಯಾರನ್ನೂ ವಾಪಸ್ ಕಳಿಸಬಾರದು ಅಂತ. ನಮ್ಮಂಥವರಿಗೆ ಅದು ತಡವಾಗಿ ಬಂತು. ಡಾಕ್ಟರೇ, ನೀವು ಏನೇ ನಿಯಮ ಮಾಡಿ, 'ನೆಗೆಟಿವ್ ಇದೆ, ಇಲ್ಲಿ ಆಗಲ್ಲ' ಅನ್ನುವ ಮಾತು ನಿಮ್ಮ ಕೌಂಟರ್‌ನಲ್ಲಿ ಯಾರ ಬಾಯಿಂದಲೂ ಬರದ ಹಾಗೆ ನೋಡಿಕೊಳ್ಳಿ.

ಘಟ್ಟದ ಡ್ಯೂಟಿ ಡಾಕ್ಟರ್

ಸರ್, ನಿಮ್ಮ ತಂದೆಯವರ ವಿಷಯ ಓದಿ ತುಂಬಾ ನೋವಾಯಿತು. ನೀವು ಹೇಳಿದ ಮಾತನ್ನು ನಾನು ಹಾಗೇ ಮೀಟಿಂಗ್‌ನಲ್ಲಿ ಹೇಳುತ್ತೇನೆ.

ಮೇಷ್ಟ್ರೇ, ಸಿಸ್ಟರ್, ಇಂಗ್ಲೆಂಡ್ ಸರ್, ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನೆಗೆಟಿವ್ ಬಂದವರಿಗೆ ಮೂರನೇ ಜಾಗ ಒಂದು ಬೇಕು ಅಂತಾಯಿತು. ಅದನ್ನು ಸಣ್ಣ ಆಸ್ಪತ್ರೆಯಲ್ಲಿ ಹೇಗೆ ಹೊಂದಿಸುವುದು? ಇನ್ನೆರಡು ಪ್ರಶ್ನೆ. ನಮ್ಮ ಟಿಬಿ ವಿಭಾಗದಲ್ಲಿ ಟ್ರೂನಾಟ್ ಅನ್ನುವ ಪಿಸಿಆರ್ ಮಾದರಿಯ ಸಣ್ಣ ಮಷಿನ್ ಇದೆ, ಅದರಲ್ಲಿ ಈ ಕೆಲಸ ಮಾಡಿಸಿಕೊಳ್ಳಬಹುದಾ? ಫ್ಲೂ ಅನುಮಾನ ಇದ್ದು ಕಾರ್ಡ್ ನೆಗೆಟಿವ್ ಬಂದರೆ ಫ್ಲೂ ಔಷಧ ಒಸೆಲ್ಟಾಮಿವಿರ್ ತಡೆಹಿಡಿಯಬೇಕಾ?

ಫಿಸಿಷಿಯನ್, ಬಯಲುಸೀಮೆ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ತಡೆಹಿಡಿಯಬೇಡಿ. ಕೇಂದ್ರದ ಎಚ್1ಎನ್1 (ಹಂದಿ ಜ್ವರ ಅನ್ನುವ ಫ್ಲೂ) ಮಾರ್ಗಸೂಚಿಯಲ್ಲಿ ಎ, ಬಿ, ಸಿ ಅಂತ ಮೂರು ವರ್ಗ ಇದೆಯಲ್ಲ. ಎ ಮತ್ತು ಬಿ ವರ್ಗಕ್ಕೆ ಟೆಸ್ಟೇ ಬೇಡ ಅಂತಿದೆ. ದಮ್ಮು, ಎದೆನೋವು, ಬಿಪಿ ಇಳಿಯುವುದು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು, ಇವು ಸಿ ವರ್ಗ. ಅವರಿಗೆ ಅಡ್ಮಿಷನ್, ಟೆಸ್ಟ್, ಔಷಧ ಮೂರೂ ಒಟ್ಟಿಗೆ. ರಿಪೋರ್ಟಿಗೆ ಕಾಯುವ ಹಾಗಿಲ್ಲ. ಮೊದಲ 48 ಗಂಟೆಯೊಳಗೆ ಕೊಟ್ಟರೆ ಔಷಧದ ಗುಣ ಜಾಸ್ತಿ, ಸೀರಿಯಸ್ ಇರುವವರಿಗೆ ಆಮೇಲೂ ಕೊಡುತ್ತೇವೆ. ಪಿಸಿಆರ್ ನೆಗೆಟಿವ್ ಬಂದರೆ ಆಗ ನಿಲ್ಲಿಸಿದರಾಯಿತು.

ಮೂರನೇ ಜಾಗದ ವಿಷಯ. ಕಾರ್ಡ್ ಹಾಕುವ ಮೊದಲೇ ಬಾಗಿಲಲ್ಲೇ ಬೇರ್ಪಡಿಸಿ. ಕೆಮ್ಮು-ಜ್ವರ ಇರುವವರಿಗೆ ಮಾಸ್ಕ್ ಕೊಟ್ಟು ಕಿಟಕಿ ಇರುವ ಕಡೆ ಕೂರಿಸಿ. ಪಲ್ಸ್ ಆಕ್ಸಿಮೀಟರ್, ನಿಮಿಷಕ್ಕೆ ಎಷ್ಟು ಉಸಿರು, ಬಿಪಿ, ಇವು ಮೊದಲು. ಕಾಯಿಲೆ ಎಷ್ಟು ಜೋರಾಗಿದೆ ಅನ್ನುವುದನ್ನು ಯಾವ ಕಾರ್ಡೂ ಹೇಳುವುದಿಲ್ಲ. ಆಮೇಲೆ ಟೆಸ್ಟ್. ಪಾಸಿಟಿವ್ ಬಂದವರನ್ನು ಒಂದೇ ಕೋಣೆಯಲ್ಲಿ ಹಾಕಬಹುದು, ಆದರೆ ಫ್ಲೂ ಇರುವವರನ್ನೂ ಕೋವಿಡ್ ಇರುವವರನ್ನೂ ಬೆರೆಸಬಾರದು. ನಿಮ್ಮ ನಾಲ್ಕು ಬೆಡ್ಡಿನ ಕೋಣೆಯನ್ನು ಆ ವಾರ ಯಾವುದು ಜಾಸ್ತಿ ಬರುತ್ತಿದೆಯೋ ಅದಕ್ಕೆ ಕೊಡಿ. ಒಂಟಿ ಕೋಣೆಗಳನ್ನು ಪಾಸಿಟಿವ್ ಬಂದವರಿಗೆ ಕೊಟ್ಟು ತುಂಬಿಸಬೇಡಿ. ಅವು ಬೇಕಾಗುವುದು ಕಾರ್ಡ್ ನೆಗೆಟಿವ್ ಬಂದು, ನಿಮಗೆ ಬಲವಾದ ಅನುಮಾನ ಇರುವವರಿಗೆ. ಅವರನ್ನು ಪಾಸಿಟಿವ್ ಕೋಣೆಗೆ ಹಾಕಿದರೆ ಇಲ್ಲದ ರೋಗ ಬರುತ್ತದೆ, ಜನರಲ್ ವಾರ್ಡಿಗೆ ಹಾಕಿದರೆ ಇರುವ ರೋಗ ಹರಡುತ್ತದೆ. ಒಂಟಿ ಕೋಣೆ ಸಾಲದಿದ್ದರೆ ಜನರಲ್ ವಾರ್ಡಿನ ಕಿಟಕಿ ಪಕ್ಕದ ಮೂಲೆಯಲ್ಲಿ ಬೆಡ್‌ಗಳ ನಡುವೆ ಅಂತರ ಜಾಸ್ತಿ ಮಾಡಿ, ನಡುವೆ ಸ್ಕ್ರೀನ್ ಇಟ್ಟು, ರೋಗಿಗೂ ಜೊತೆಗಿರುವವರಿಗೂ ಮಾಸ್ಕ್ ಹಾಕಿಸಿ, ಪಿಸಿಆರ್ ಬರುವವರೆಗೆ ಅಲ್ಲೇ ಇರಲಿ. ಪಕ್ಕದಲ್ಲಿ ಆಪರೇಷನ್ ಆದವರು, ಕೀಮೋ ತಗೊಳ್ಳುವವರು, ಬಾಣಂತಿಯರು ಬೇಡ.

ನೀವು ಮಲೆನಾಡಿನಲ್ಲಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ಫ್ಲೂ ಕಾರ್ಡ್ ಪಾಸಿಟಿವ್ ಬಂತು ಅಂತ ಇಲಿ ಜ್ವರ, ಸ್ಕ್ರಬ್ ಟೈಫಸ್ (ಸಣ್ಣ ನುಸಿ ಕಚ್ಚಿ ಬರುವ ಜ್ವರ), ಡೆಂಗಿ ಎಲ್ಲವನ್ನೂ ತಲೆಯಿಂದ ತೆಗೆದುಹಾಕಬೇಡಿ. ಗದ್ದೆ ಕೆಲಸ ಮಾಡಿ ಬಂದವರ ಕಣ್ಣು ಕೆಂಪಾಗಿದೆಯಾ, ಮೀನಖಂಡ ಮುಟ್ಟಿದರೆ ನೋವಾ, ಮೈಮೇಲೆ ಎಲ್ಲಾದರೂ ಕಪ್ಪು ಹಕ್ಕಳೆ ಇದೆಯಾ, ನೋಡಿ. ಬೇಸಿಗೆಯಾದರೆ ಕಾಡಿಗೆ ಹೋಗಿದ್ದರಾ, ಆ ಕಡೆ ಮಂಗ ಸತ್ತಿತ್ತಾ ಅಂತ ಕೇಳಿ, ಮಂಗನ ಕಾಯಿಲೆ ಇರಬಹುದು.

ಮೈಕ್ರೋಬಯಾಲಜಿ ಮೇಷ್ಟ್ರು

ಟ್ರೂನಾಟ್ ವಿಷಯ ನಾನು ಹೇಳುತ್ತೇನೆ. ಅದು ನಮ್ಮಲ್ಲೇ ಹುಟ್ಟಿದ ಮಷಿನ್, ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ರೂಪಿಸಿದ್ದು, ಗೋವಾದ ಮೋಲ್‌ಬಯೋ ತಯಾರಿಸುತ್ತದೆ. ಬ್ಯಾಟರಿಯಲ್ಲಿ ಓಡುತ್ತದೆ, ಚಿಪ್ ಹಾಕುವ ಮಷಿನ್. ಮೊದಲು ಒಂದು ಮಷಿನ್‌ನಲ್ಲಿ ಸ್ಯಾಂಪಲ್‌ನಿಂದ ಆರ್‌ಎನ್‌ಎ ತೆಗೆದು, ಆಮೇಲೆ ಇನ್ನೊಂದರಲ್ಲಿ ಚಿಪ್ ಓಡಿಸಬೇಕು, ಎಲ್ಲ ಸೇರಿ ಗಂಟೆಗೆ ಮೇಲೆ ಹಿಡಿಯುತ್ತದೆ. 2020ರಲ್ಲಿ ಆರ್‌ಟಿ-ಪಿಸಿಆರ್ ಲ್ಯಾಬ್ ಇಲ್ಲದ ಊರುಗಳಲ್ಲಿ ಕೋವಿಡ್‌ಗೆ ಇದೇ ಆಸರೆಯಾಗಿತ್ತು. ಕಾರ್ಡಿಗಿಂತ ಇದರ ನೆಗೆಟಿವ್‌ಗೆ ಬೆಲೆ ಜಾಸ್ತಿ. ಹಾಗಾಗಿ ನೀವು ಕೇಳಿದ್ದು ಒಳ್ಳೆಯ ದಾರಿ: ಎಲ್ಲರಿಗೂ ಮೊದಲು ಕಾರ್ಡ್, ನೆಗೆಟಿವ್ ಬಂದು ಅಡ್ಮಿಟ್ ಆಗುವವರಿಗೆ ಮಾತ್ರ ಟ್ರೂನಾಟ್. ಆಗ ಮಾರನೇ ದಿನದವರೆಗೆ ಒಂಟಿ ಕೋಣೆ ಹಿಡಿದಿಟ್ಟುಕೊಳ್ಳಬೇಕಾಗಿಲ್ಲ, ಅದೇ ದಿನ ಬಿಡುಗಡೆಯಾಗುತ್ತದೆ. ನಿಮಗೆ ಬೇಕಾದ ವೈರಸ್‌ಗೆ ಚಿಪ್ ಸರಬರಾಜು ಇದೆಯಾ ಅಂತ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.

ಆದರೆ ಟಿಬಿ ಕೆಲಸ ನಿಲ್ಲಿಸಿ ಇದನ್ನು ಮಾಡಬೇಡಿ. 2019ರಲ್ಲಿ ದೇಶದಲ್ಲಿ ಸುಮಾರು 24 ಲಕ್ಷ ಟಿಬಿ ರೋಗಿಗಳು ದಾಖಲಾಗಿದ್ದರು, 2020ರಲ್ಲಿ 18 ಲಕ್ಷಕ್ಕೆ ಇಳಿಯಿತು. ಟಿಬಿ ಕಡಿಮೆಯಾಗಿ ಇಳಿದದ್ದಲ್ಲ, ಲಾಕ್‌ಡೌನ್, ಭಯ, ಸಿಬ್ಬಂದಿ ಮತ್ತು ಮಷಿನ್ ಕೋವಿಡ್‌ಗೆ ಹೋದದ್ದು ಎಲ್ಲ ಸೇರಿ ರೋಗಿಗಳು ಸಿಗದೇ ಹೋದರು. ಬೆಳಗಿನ ಹೊತ್ತು ಟಿಬಿಗೆ, ಮಧ್ಯಾಹ್ನದ ಮೇಲೆ ಕ್ಯಾಶುವಾಲ್ಟಿಗೆ ಅಂತ ಟೆಕ್ನಿಷಿಯನ್ ಜೊತೆ ಕೂತು ಮಾತಾಡಿ ಬರೆದುಕೊಳ್ಳಿ. ಒಬ್ಬರೇ ಟೆಕ್ನಿಷಿಯನ್ ಇದ್ದರೆ ರಾತ್ರಿ ಟ್ರೂನಾಟ್ ಆಗುವುದಿಲ್ಲ ಅಂತ ಮೊದಲೇ ಒಪ್ಪಿಕೊಂಡು ಬೆಡ್ ಪ್ಲಾನ್ ಮಾಡಿ.

ಇಪ್ಪತ್ತು ವೈರಸ್ ಒಟ್ಟಿಗೆ ನೋಡುವ ದೊಡ್ಡ ಪ್ಯಾನೆಲ್ ಮಷಿನ್‌ಗಳ ಕಡೆ ಈಗ ನೋಡಬೇಡಿ. ಒಂದು ಕಾರ್ಟ್ರಿಜ್‌ಗೇ ಸಾವಿರಗಟ್ಟಲೆ ರೂಪಾಯಿ. 2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಮಕ್ಕಳಲ್ಲಿ ಎಚ್‌ಎಂಪಿವಿ ಅನ್ನುವ ಉಸಿರಾಟದ ವೈರಸ್ ಸಿಕ್ಕಿತು ಅಂತ ಜನ ಎಷ್ಟು ಗಾಬರಿಯಾದರು. ಹಳೇ ವೈರಸ್ ಅದು, ಅದಕ್ಕೆ ಬೇರೆ ಔಷಧವೂ ಇಲ್ಲ. ಹೆಸರು ಗೊತ್ತಾಗಿ ನೀವು ಮಾಡುವ ಕೆಲಸ ಬದಲಾಗುತ್ತದೆ ಅಂದರೆ ಮಾತ್ರ ಟೆಸ್ಟ್ ಮಾಡಿ.

ಘಟ್ಟದ ಡ್ಯೂಟಿ ಡಾಕ್ಟರ್

ಈಗ ಸ್ಪಷ್ಟವಾಯಿತು. ಮೀಟಿಂಗ್‌ಗೆ ನಾನು ಇಡುವುದು ಇಷ್ಟು: ಕಾರ್ಡ್ ತರಿಸೋಣ, ಆದರೆ ಅಡ್ಮಿಟ್ ಆಗುವ ಸಿ ವರ್ಗದವರಿಗೆ ಮಾತ್ರ. ನೆಗೆಟಿವ್ ಅಂದರೆ 'ಪಿಸಿಆರ್ ಬಾಕಿ' ಅಂತಲೇ ಕೇಸ್ ಶೀಟಿನಲ್ಲಿ ಬರೆಯುವುದು, ನೆಗೆಟಿವ್ ಅನ್ನುವ ಪದವನ್ನೇ ಬರೆಯದಿರುವುದು. ಎರಡು ಒಂಟಿ ಕೋಣೆ ಅವರಿಗೆ ಮೀಸಲು. ರಾತ್ರಿ ಬೆಡ್ ಬದಲಿಸುವ ಅಧಿಕಾರ ಡ್ಯೂಟಿ ಡಾಕ್ಟರ್‌ಗೆ. ಸಿಸ್ಟರ್, ಒಂದು ಕೇಳಬೇಕು. ತರಬೇತಿ ಯಾರಿಂದ ಶುರು ಮಾಡಲಿ?

ಐಸಿಯು ಸಿಸ್ಟರ್, ಕರಾವಳಿ

ನೈಟ್ ಡ್ಯೂಟಿಯವರಿಂದ. ಹಗಲು ಕೇಳಲು ಯಾರಾದರೂ ಇರುತ್ತಾರೆ, ರಾತ್ರಿ ಇರುವುದಿಲ್ಲ. ಕಂಪನಿಯವರು ಬಂದು ಸ್ಲೈಡ್ ತೋರಿಸಿ ಹೋದರೆ ಸಾಲದು, ಒಬ್ಬೊಬ್ಬರೂ ಕೈಯಾರೆ ಸ್ವ್ಯಾಬ್ ತೆಗೆದು, ಹನಿ ಹಾಕಿ, ಓದಿ ತೋರಿಸಬೇಕು. ಕ್ಯಾಶುವಾಲ್ಟಿಯಲ್ಲಿ ಒಂದು ಟೈಮರ್ ಇಡಿಸಿ, ಮೊಬೈಲ್ ನೆಚ್ಚಿಕೊಳ್ಳಬೇಡಿ, ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಮುಟ್ಟಬಾರದು. ಆಯಾಗಳಿಗೂ, ಸ್ಟ್ರೆಚರ್ ತಳ್ಳುವವರಿಗೂ ಹೇಳಿಕೊಡಿ, ರೋಗಿಯ ಹತ್ತಿರ ನಮ್ಮಷ್ಟೇ ಹೊತ್ತು ಅವರೂ ಇರುತ್ತಾರೆ. ಅವರ ಮಾಸ್ಕ್ ಲೆಕ್ಕವನ್ನೂ ಅದೇ ಇಂಡೆಂಟ್‌ನಲ್ಲಿ (ಸಾಮಾನು ಬೇಡಿಕೆಯ ಪಟ್ಟಿಯಲ್ಲಿ) ಸೇರಿಸಿ ಬರೆಯಿರಿ.